ನಿತ್ಯದ ಕೆಲಸದಲ್ಲಿ ಲಕ್ಷ್ಯ

"ಲಕ್ಷ್ಯಗೊಟ್ಟು ಮಾಡು" ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಹಾಲನ್ನು ಒಲೆಯ ಮೇಲಿಟ್ಟು ನೀರಿಗೆ ಹೊರಟ ತಾಯಿ ಮಗಳಿಗೆ ಈ ಮಾತು ಹೇಳುತ್ತಾಳೆ. ಕೂರಿಗೆ ಹೊಡೆಯುವವನು ಬಟ್ಟಲಿಗೆ ಬೀಜ ಬಿಡುವವಳಿಗೆ ಹೇಳುತ್ತಾನೆ. ಶಾಲೆಯ ಮಾಸ್ತರರು ದಿನಕ್ಕೆ ಹತ್ತು ಸಲ ಹೇಳುತ್ತಾರೆ. ಕಚೇರಿಯ ಸಾಹೇಬರು ಕಾಗದದಲ್ಲಿ ತಪ್ಪು ಕಂಡಾಗಲೆಲ್ಲ ಹೇಳುತ್ತಾರೆ. ಹೇಳುವವರಿಗೆ ಬರವಿಲ್ಲ. ಆದರೆ ಲಕ್ಷ್ಯವನ್ನು ಕೊಡುವದು ಹೇಗೆ ಎಂಬದನ್ನು ಹೇಳಿಕೊಡುವವರು ಮಾತ್ರ ವಿರಳ. ಈಜು ಕಲಿಸುವವನು ದಂಡೆಯ ಮೇಲೆ ನಿಂತು "ಈಜು, ಈಜು" ಎಂದು ಕೂಗಿದರೆ ಹುಡುಗನಿಗೆ ಈಜು ಬಂದೀತೆ? ಕೈ ಹೇಗೆ ಚಾಚಬೇಕು, ಕಾಲು ಹೇಗೆ ಬಡಿಯಬೇಕು, ಉಸಿರು ಎಲ್ಲಿ ಬಿಡಬೇಕು ಎಂಬದನ್ನು ತೋರಿಸಬೇಕಲ್ಲವೆ? ಲಕ್ಷ್ಯದ ವಿಷಯದಲ್ಲಿಯೂ ಹಾಗೆಯೇ. ಈ ಹೊತ್ತು ಅದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಭಾಷೆಯನ್ನು ಕಲಿಸುವದು ನನ್ನ ಉದ್ಯೋಗವಾದ್ದರಿಂದ ಮೊದಲು ಶಬ್ದಗಳ ಕಡೆಗೆ ನೋಡೋಣ. ಪುಸ್ತಕದ ಭಾಷೆಯಲ್ಲಿ ನಾವು 'ಏಕಾಗ್ರತೆ' ಎನ್ನುತ್ತೇವೆ. ಅಗ್ರವೆಂದರೆ ತುದಿ, ಒಂದೇ ತುದಿಯುಳ್ಳದ್ದು ಏಕಾಗ್ರ. 'ಗಮನ' ಎಂದರೆ ಹೋಗುವದು; ಮನಸ್ಸು ಒಂದೆಡೆಗೆ ಹೋಗುವದು. 'ಲಕ್ಷ್ಯ' ಎಂದರೆ ಗುರಿ. 'ಅವಧಾನ' ಎಂಬಲ್ಲಿ 'ಧಾ' ಎಂಬ ಧಾತುವಿಗೆ ಇಡು ಎಂಬ ಅರ್ಥವಿದೆ. ಮನಸ್ಸನ್ನು ಕೆಳಗಿಳಿಸಿ ಒಂದು ಕಡೆ ಇಡುವದು ಅವಧಾನ. ಇನ್ನು ನಮ್ಮ ಕಡೆಯ ಆಡುಮಾತಿನಲ್ಲಿ 'ಧ್ಯಾಸ' ಎಂಬದಿದೆ, ಪಾರಸಿಯಿಂದ ಬಂದ 'ನಿಗಾ' ಇದೆ, ಅರಬ್ಬಿಯಿಂದ ಬಂದ 'ಖಬರು' ಇದೆ. "ಮೈಮೇಲೆ ಖಬರಿಲ್ಲೇನು?" ಎಂದು ಗದರಿಸುವಾಗ ಅದು ಅರಬ್ಬಿಯೆಂಬ ಖಬರು ಯಾರಿಗೂ ಇರುವದಿಲ್ಲ! ಇಷ್ಟೊಂದು ಶಬ್ದಗಳಲ್ಲಿ ಒಂದಕ್ಕಾದರೂ ಮನಸ್ಸನ್ನು ಬಿಗಿಹಿಡಿ, ಹಲ್ಲು ಕಚ್ಚಿ ನಿಲ್ಲಿಸು ಎಂಬ ಅರ್ಥವಿಲ್ಲ. ಒಂದು ಗುರಿ ಬೇಕು, ಮನಸ್ಸು ಅಲ್ಲಿಗೆ ಹೋಗಬೇಕು, ಅಲ್ಲಿ ಅದಕ್ಕೆ ಇರಲು ನೆಲೆ ಬೇಕು. ನಮ್ಮ ಶಬ್ದಗಳು ಹೇಳುವದು ಇಷ್ಟು.

ಆದರೂ ಜನರಲ್ಲಿ ಎರಡು ತಿಳಿವಳಿಕೆಗಳು ಬೇರೂರಿವೆ. ಲಕ್ಷ್ಯವು ಹುಟ್ಟುಗುಣ, ಕೆಲವರಿಗೆ ದೇವರು ಕೊಟ್ಟಿರುತ್ತಾನೆ, ಕೆಲವರಿಗೆ ಕೊಟ್ಟಿರುವದಿಲ್ಲ ಎಂಬದು ಒಂದು. ಲಕ್ಷ್ಯವು ಹಟದಿಂದ ಬರುವಂಥದು, ಅದಿಲ್ಲದವನು ಸೋಮಾರಿ ಎಂಬದು ಇನ್ನೊಂದು. ಈ ಎರಡರಿಂದಲೂ ಬಹಳ ಕೇಡಾಗಿದೆ. ಮೊದಲನೆಯದರಿಂದ ಮನುಷ್ಯನು ಪ್ರಯತ್ನವನ್ನೇ ಬಿಡುತ್ತಾನೆ. ಎರಡನೆಯದರಿಂದ ಕೈಲಾಗದ ಪ್ರಯತ್ನ ಮಾಡಿ ದಣಿಯುತ್ತಾನೆ. ನನಗೆ ಕಂಡ ಮಟ್ಟಿಗೆ, ಲಕ್ಷ್ಯವು ಮನಸ್ಸಿನ ಬಲವನ್ನು ನೆಚ್ಚಿಕೊಂಡಿರುವದಕ್ಕಿಂತ ಹೆಚ್ಚಾಗಿ, ಕೆಲಸವನ್ನು ನಾವು ಹೇಗೆ ಅಣಿಗೊಳಿಸುತ್ತೇವೆ ಎಂಬದನ್ನು ನೆಚ್ಚಿಕೊಂಡಿದೆ. ಇದಕ್ಕೆ ಸಾಕ್ಷಿಯನ್ನು ಹುಡುಕಿ ಹಿಮಾಲಯದ ಗುಹೆಗಳಿಗೆ ಹೋಗಬೇಕಾಗಿಲ್ಲ. ನಮ್ಮ ರಾಣೆಬೆನ್ನೂರು ತಾಲೂಕಿನ ಹೊಲಗಳಿಗೆ, ಮೇಡ್ಲೇರಿಯ ಸುತ್ತಿನ ಸೀಮೆಗೆ ಬಂದರೆ ಸಾಕು.

ರಾಣೆಬೆನ್ನೂರು ಬೀಜದ ಊರೆಂದು ನಾಡಿನಲ್ಲೆಲ್ಲ ಹೆಸರಾಗಿದೆ. ಇಲ್ಲಿ ಹತ್ತಿ, ಮೆಣಸಿನಕಾಯಿ, ಟೊಮೆಟೊ ಮೊದಲಾದ ಬೆಳೆಗಳ ಸಂಕರ ಬೀಜವನ್ನು ರೈತರ ಹೊಲಗಳಲ್ಲಿ ಕೈಯಿಂದಲೇ ಸಿದ್ಧಗೊಳಿಸುತ್ತಾರೆ. ಹತ್ತಿಯಲ್ಲಿ ಈ ವಿದ್ಯೆ ನಮ್ಮ ಭಾಗಕ್ಕೆ ತೀರ ಹತ್ತಿರದ್ದು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಾತರಕಿಯವರು 'ವರಲಕ್ಷ್ಮಿ' ಎಂಬ ಸಂಕರ ಹತ್ತಿಯನ್ನು ಹೊರತಂದರು. ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಪಡೆದ ತಳಿ ಅದು. ಅವರದೇ 'ಜಯಲಕ್ಷ್ಮಿ', ಎಂದರೆ ಡಿ. ಸಿ. ಎಚ್. 32, 1981ರಲ್ಲಿ ಬಂದಿತು. ಸಂಕರ ಬೆಳೆಯಲ್ಲಿ ಒಂದು ತೊಡಕಿದೆ. ಬೆಳೆದ ಫಸಲಿನ ಬೀಜವನ್ನೇ ಎತ್ತಿಟ್ಟು ಮರುವರ್ಷ ಬಿತ್ತಿದರೆ ಗುಣ ಕೆಡುತ್ತದೆ. ಆದ್ದರಿಂದ ತಾಯಿ ಗಿಡವನ್ನೂ ತಂದೆ ಗಿಡವನ್ನೂ ಬೇರೆಬೇರೆಯಾಗಿ ಬೆಳೆಸಿ, ಹೂವಿಗೆ ಹೂವನ್ನು ಕೈಯಿಂದ ಕೂಡಿಸಿ, ವರ್ಷವರ್ಷವೂ ಹೊಸದಾಗಿ ಬೀಜ ಮಾಡಬೇಕು. ಇದಕ್ಕೆ ನಮ್ಮ ರೈತರೆಲ್ಲ 'ಕ್ರಾಸಿಂಗ್' ಎಂದೇ ಹೇಳುತ್ತಾರೆ. ಮಾಡುವವರು ಹೆಚ್ಚಾಗಿ ಹೆಣ್ಣುಮಕ್ಕಳು.

ಆ ಕೆಲಸದ ರೀತಿಯನ್ನು ತುಸು ವಿವರವಾಗಿ ಹೇಳುತ್ತೇನೆ. ಹತ್ತಿಯ ಹೂವು ಬೆಳಿಗ್ಗೆ ಅರಳುತ್ತದೆ. ಒಂದೇ ಹೂವಿನಲ್ಲಿ ಹೆಣ್ಣಿನ ಭಾಗವೂ ಗಂಡಿನ ಭಾಗವೂ ಇರುತ್ತವೆ. ಬಿಟ್ಟರೆ ತನ್ನ ಪರಾಗವನ್ನು ತಾನೇ ತೆಗೆದುಕೊಂಡು ಕಾಯಿ ಕಟ್ಟುತ್ತದೆ. ಹಾಗಾಗಬಾರದು. ಆದ್ದರಿಂದ ನಾಳೆ ಅರಳಲಿರುವ ಮೊಗ್ಗನ್ನು ಇಂದು ಮಧ್ಯಾಹ್ನದ ಮೇಲೆ ಗುರುತಿಸಬೇಕು. ನಾಡಿದ್ದಿನದು ಬೇಡ, ಎಳೆಯದು; ಇಂದಿನದು ಬೇಡ, ಅರಳಿ ಹೋಗಿದೆ. ಎಲೆಯಂಥ ಮೂರು ಹೊದಿಕೆಗಳ ನಡುವಿನಿಂದ ಬೆಳ್ಳಗೆ ಉಬ್ಬಿ ತಲೆ ಎತ್ತಿದ ಮೊಗ್ಗು ಯಾವುದೋ ಅದೇ ನಾಳಿನದು. ಅದರ ಬುಡಕ್ಕೆ ಹೆಬ್ಬೆರಳಿನ ಉಗುರನ್ನು ನಾಟಿಸಿ, ಸುತ್ತ ತಿರುಗಿಸಿ, ಎಸಳುಗಳನ್ನೂ ಅದಕ್ಕೆ ಅಂಟಿದ ಗಂಡುಕೇಸರದ ಕೊಳವೆಯನ್ನೂ ಒಮ್ಮೆಲೆ ಸುಲಿದು ತೆಗೆಯಬೇಕು. ನಡುವೆ ಹೆಣ್ಣಿನ ಸಣ್ಣ ಕಡ್ಡಿ ನಿಲ್ಲುತ್ತದೆ, ಅದು ಮುರಿಯಬಾರದು. ಬುಡದ ಎಳೆಗಾಯಿಗೆ ಉಗುರು ತಾಗಿದರೆ ಅದು ಉದುರಿ ಹೋಗುತ್ತದೆ. ಕೇಸರದ ಒಂದು ತುಣುಕು ಉಳಿದರೂ ಕೆಲಸ ಕೆಟ್ಟಂತೆಯೇ. ಸುಲಿದ ಮೊಗ್ಗಿಗೆ ಕೆಂಪು ಕಾಗದದ ಸಣ್ಣ ಚೀಲವನ್ನು ತೊಡಿಸಿ ಮುಂದಿನದಕ್ಕೆ ಹೋಗಬೇಕು.

ಮರುದಿನ ಬೆಳಿಗ್ಗೆ ಮೊದಲು ಹೊಲವನ್ನೊಮ್ಮೆ ಸುತ್ತಬೇಕು. ನಿನ್ನೆ ಕಣ್ಣು ತಪ್ಪಿಸಿಕೊಂಡ ಮೊಗ್ಗು ಈಗ ಹೂವಾಗಿ ನಗುತ್ತಿರುತ್ತದೆ. ಅದನ್ನು ಕಿತ್ತು ಎಸೆಯಬೇಕು. ಆಮೇಲೆ ತಂದೆ ಗಿಡದ ಹೂವುಗಳನ್ನು ತಂದು, ಚೀಲ ತೆಗೆದು, ಪರಾಗವನ್ನು ಆ ಕಡ್ಡಿಯ ತುದಿಗೆ ಮೆಲ್ಲಗೆ ಸವರಬೇಕು. ಸವರಿದ ಮೇಲೆ ತೊಟ್ಟಿಗೆ ಒಂದು ದಾರ ಕಟ್ಟಬೇಕು. ದಾರ ಕಟ್ಟಿದ ಕಾಯಿಯೇ ಬೀಜಕ್ಕೆ. ದಾರವಿಲ್ಲದ್ದು ಬೀಜಕ್ಕೆ ಬಾರದು. ಹೀಗೆ ಎರಡು ತಿಂಗಳ ಮಟ್ಟಿಗೆ ದಿನವೂ ನಡೆಯುತ್ತದೆ. ಬೀಜವನ್ನು ಒಯ್ದ ಮೇಲೆ ಅದರ ಮಾದರಿಯನ್ನು ಬೇರೆ ಹೊಲದಲ್ಲಿ ಬಿತ್ತಿ, ಬೆಳೆದ ಗಿಡಗಳನ್ನು ಎಣಿಸಿ, ತಳಿಶುದ್ಧಿಯನ್ನು ಪರೀಕ್ಷಿಸುತ್ತಾರೆ. ಪ್ರಮಾಣಿತ ಸಂಕರ ಹತ್ತಿಯ ಬೀಜದಲ್ಲಿ ನೂರಕ್ಕೆ 90ರಷ್ಟಾದರೂ ಶುದ್ಧಿ ಇರಬೇಕೆಂದು ನಿಯಮವಿದೆ. ಕಡಿಮೆಯಾದರೆ ಇಡೀ ಬೀಜ ತಿರಸ್ಕೃತವಾಗುತ್ತದೆ. ಒಂದು ಮನೆತನದ ವರ್ಷದ ದುಡಿಮೆ ಹೋಗುತ್ತದೆ. ಅದೂ ಹೇಗೆ? ಕಳ್ಳತನದಿಂದಲ್ಲ, ಮಳೆಗಾಳಿಯಿಂದಲ್ಲ, ಬಿಸಿಲಿನ ಹೊತ್ತಿನಲ್ಲಿ ಅಲ್ಲೊಂದು ಇಲ್ಲೊಂದು ತಪ್ಪಿಹೋದ ಮೊಗ್ಗುಗಳಿಂದ. ಲಕ್ಷ್ಯಕ್ಕೆ ಇಷ್ಟು ಸ್ಪಷ್ಟವಾಗಿ ಬೆಲೆ ಕಟ್ಟುವ ಕೆಲಸ ಇನ್ನೊಂದಿಲ್ಲವೆಂದು ನನಗೆ ತೋರುತ್ತದೆ.

ಹಾಗಾದರೆ ಈ ಹೆಣ್ಣುಮಕ್ಕಳು ಮುನಿಗಳಂತೆ ಮೌನವಾಗಿ ಕುಳಿತಿರುತ್ತಾರೆಯೆ? ಇಲ್ಲ. ಅವರ ಮಾತು ಹೊಲದ ಬದುವಿನಾಚೆಗೂ ಕೇಳಿಸುತ್ತದೆ. ಸಂತೆಯ ಸುದ್ದಿ, ಬೀಗರ ಸುದ್ದಿ, ಸೊಸೆಯಂದಿರ ಸುದ್ದಿ ಎಲ್ಲವೂ ಅಲ್ಲಿವೆ. ಆದರೆ ಲಕ್ಷಿಸಿ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಉಗುರು ಮೊಗ್ಗಿಗೆ ನಾಟುವ ಗಳಿಗೆಯಲ್ಲಿ ಮಾತು ತಾನಾಗಿ ನಿಲ್ಲುತ್ತದೆ. ಎಸಳು ಬಿಚ್ಚಿಕೊಂಡೊಡನೆ ಮುಂದುವರಿಯುತ್ತದೆ. ಲಕ್ಷ್ಯವೆಂದರೆ ಬೆಳಗಿನಿಂದ ಸಂಜೆಯ ತನಕ ಒಂದೇ ಸಮನೆ ಎಳೆದು ಕಟ್ಟಿದ ಹಗ್ಗವಲ್ಲ. ಅದು ಬೇಕಾದಲ್ಲಿ ಏರುತ್ತದೆ, ಬೇಡವಾದಲ್ಲಿ ಇಳಿಯುತ್ತದೆ. ಎಲ್ಲಿ ಏರಬೇಕೆಂಬದು ಕೈಗೆ ಗೊತ್ತಿದ್ದರೆ ಸರಿ.

ಇದನ್ನು ನನಗಿಂತ ಚೆನ್ನಾಗಿ ತಿಳಿಸಿದವರು ನನ್ನ ವಿದ್ಯಾರ್ಥಿಯೊಬ್ಬನ ತಾಯಿ. ಶಾಲೆಗೆ ಬಂದವರು ಹೀಗೆಂದರು: "ಸರ, ನಮ್ಮ ಹುಡುಗ ಓದಾಕ ಕುಂತ್ರ ಮನಸ್ಸು ನಿಲ್ಲವಲ್ದು. ಏನರ ಉಪಾಯ ಹೇಳ್ರಿ." ಅವರು ಕ್ರಾಸಿಂಗ್ ಕೆಲಸಕ್ಕೆ ಹೋಗುವದು ನನಗೆ ತಿಳಿದಿತ್ತು. "ನೀವು ಸಂಜೀತನಕ ಮೊಗ್ಗಿ ಸುಲೀತೀರಲ್ಲ ತಾಯಿ, ನಿಮ್ಮ ಮನಸ್ಸು ಹೆಂಗ ನಿಲ್ಲತೈತಿ?" ಎಂದೆ. ಅವರು ನಕ್ಕು ಹೇಳಿದರು: "ಅಯ್ಯ, ನಮ್ಮ ಮನಸ್ಸರ ಎಲ್ಲಿ ನಿಲ್ಲತೈತ್ರಿ ಸರ? ಮನೀಗೆ ಹೋಕ್ಕೈತಿ, ಸಂತೀಗೆ ಹೋಕ್ಕೈತಿ. ಮುಂದಿನ ಗಿಡ ಕಂಡಕೂಡ್ಲೆ ತಿರುಗಿ ಬರತೈತಿ. ಗಿಡ ಕರೀತೈತ್ರಿ."

ಗಿಡ ಕರೆಯುತ್ತದೆ! ಈ ಒಂದು ಮಾತಿನಲ್ಲಿ ಲಕ್ಷ್ಯದ ಶಾಸ್ತ್ರವೆಲ್ಲ ಅಡಗಿದೆ. ಅಮೇರಿಕೆಯ ತತ್ವಜ್ಞ ವಿಲಿಯಂ ಜೇಮ್ಸ್ ಎಂಬವರು 1890ರಲ್ಲಿ ಪ್ರಕಟಿಸಿದ ಮನಶ್ಶಾಸ್ತ್ರದ ದೊಡ್ಡ ಗ್ರಂಥದಲ್ಲಿ ಇದೇ ಅಭಿಪ್ರಾಯವನ್ನು ಬರೆದಿದ್ದಾರೆ. ಮನುಷ್ಯನು ಸಂಕಲ್ಪಮಾತ್ರದಿಂದ ಲಕ್ಷ್ಯವನ್ನು ಕೆಲವು ಕ್ಷಣಗಳಿಗಿಂತ ಹೆಚ್ಚು ಹೊತ್ತು ಹಿಡಿದಿಡಲಾರನು. ದೀರ್ಘವಾದ ಲಕ್ಷ್ಯವೆಂದು ನಾವು ಕರೆಯುವದು ಮೇಲಿಂದ ಮೇಲೆ ಹಿಂದಿರುಗಿ ಬರುವದನ್ನೇ ಎಂದು ಅವರ ಮತ. ನಮ್ಮ ಗೀತೆಯೂ ಯೋಗಶಾಸ್ತ್ರವೂ ಚಂಚಲವಾದ ಮನಸ್ಸಿಗೆ ಅಭ್ಯಾಸ, ವೈರಾಗ್ಯ ಎಂಬ ಎರಡೇ ಸಾಧನಗಳನ್ನು ಹೇಳಿವೆ. ಅಭ್ಯಾಸವೆಂದರೆ ತಿರುತಿರುಗಿ ಮಾಡುವದು. ಹೊರಗೆ ಹೋದದ್ದಕ್ಕೆ ಮನಸ್ಸನ್ನು ಹಳಿಯುತ್ತ ಕೂಡ್ರುವದು ಅಭ್ಯಾಸವಲ್ಲ. ನಮ್ಮ ತಾಲೂಕಿನ ತುಮ್ಮಿನಕಟ್ಟಿಯಲ್ಲಿ ಕೈಮಗ್ಗದ ನೇಕಾರರಿದ್ದಾರೆ. ಹಾಸಿನ ಎಳೆಯೊಂದು ಹರಿದರೆ ನೇಕಾರನು ಎಳೆಯನ್ನು ಬಯ್ಯುವದಿಲ್ಲ, ಇಡೀ ಹಾಸನ್ನು ಕೊಯ್ದು ಚೆಲ್ಲುವದಿಲ್ಲ. ಮಗ್ಗವನ್ನು ನಿಲ್ಲಿಸಿ, ಎರಡು ತುದಿ ಹುಡುಕಿ, ಗಂಟು ಹಾಕಿ ಮುಂದೆ ಸಾಗುತ್ತಾನೆ. ಮನಸ್ಸು ಹರಿದಲ್ಲಿ ಗಂಟು ಹಾಕುವದೂ ಹಾಗೆಯೇ.

ಪ್ರಶ್ನೆ ಈಗ ಇಷ್ಟೆ: ನಮ್ಮ ಕೆಲಸವು ನಮ್ಮನ್ನು ಕರೆಯುವಂತೆ ಮಾಡುವದು ಹೇಗೆ? ಹತ್ತಿಯ ಹೊಲದಲ್ಲಿ ಏನೇನಿದೆ ಎಂಬದನ್ನು ಎಣಿಸಿ ನೋಡೋಣ. ಮೊದಲನೆಯದಾಗಿ, ಅಲ್ಲಿ ಕೆಲಸದ ತುಣುಕು ಚಿಕ್ಕದು: ಒಂದು ಮೊಗ್ಗು, ಮತ್ತೆ ಒಂದು ಮೊಗ್ಗು. ಎರಡನೆಯದಾಗಿ, ಅದಕ್ಕೆ ಹೊತ್ತು ಗೊತ್ತಾಗಿದೆ. ಸುಲಿಯುವದು ಮಧ್ಯಾಹ್ನದ ಮೇಲೆ, ಸವರುವದು ಮುಂಜಾನೆ. ಎರಡನ್ನೂ ಕಲಸುವದಿಲ್ಲ. ಮೂರನೆಯದಾಗಿ, ಮಾಡಿದ್ದಕ್ಕೆ ಗುರುತಿದೆ. ಕೆಂಪು ಚೀಲ ಮತ್ತು ದಾರ. ಎಲ್ಲಿಯವರೆಗೆ ಬಂದೆ ಎಂದು ನೆನಪಿಟ್ಟುಕೊಳ್ಳುವ ಭಾರ ತಲೆಗಿಲ್ಲ, ದಾರಕ್ಕಿದೆ. ನಾಲ್ಕನೆಯದಾಗಿ, ಮುಂಜಾನೆಯ ಎರಡನೆಯ ನೋಟವಿದೆ. ಮನುಷ್ಯನ ಕಣ್ಣು ತಪ್ಪುವದೇ ಸೈ ಎಂದು ಒಪ್ಪಿಕೊಂಡು ತಪ್ಪನ್ನು ಹಿಡಿಯುವ ಏರ್ಪಾಡು ಅದು. ಚಿಕ್ಕ ತುಣುಕು, ಗೊತ್ತಾದ ಹೊತ್ತು, ಕಣ್ಣಿಗೆ ಕಾಣುವ ಗುರುತು, ಎರಡನೆಯ ನೋಟ. ಈ ನಾಲ್ಕು ಇದ್ದಲ್ಲಿ ಸಾಧಾರಣ ಮನುಷ್ಯರಿಗೂ ಅಸಾಧಾರಣ ಲಕ್ಷ್ಯ ಬರುತ್ತದೆ.

ಈಗ ಆ ತಾಯಿಯ ಮಗನ ಕಡೆಗೆ ಹೊರಳೋಣ. ಅವನ ಮುಂದೆ ಹತ್ತನೆಯ ತರಗತಿಯ ದಪ್ಪ ಪುಸ್ತಕವಿದೆ. "ಓದು" ಎಂದಿದ್ದಾರೆ. ಎಷ್ಟು ಓದಬೇಕು? ಗೊತ್ತಿಲ್ಲ. ಎಷ್ಟು ಹೊತ್ತು? ನಿದ್ದೆ ಬರುವವರೆಗೆ. ಓದಿದ್ದಾಯಿತೆಂಬುದಕ್ಕೆ ಗುರುತೇನು? ಪುಟ ತಿರುವಿದ್ದೇ ಗುರುತು. ಇಂಥ ಹೊಲದಲ್ಲಿ ಯಾವ ಗಿಡವೂ ಅವನನ್ನು ಕರೆಯುವದಿಲ್ಲ. ಇದೇ ಹುಡುಗ ಕೆರೆಯ ದಂಡೆಯಲ್ಲಿ ಗಾಳ ಹಾಕಿ ಕುಳಿತರೆ ತಾಸುಗಟ್ಟಲೆ ಅಲುಗುವದಿಲ್ಲ. ಗೋಲಿಗೆ ಗುರಿಯಿಟ್ಟರೆ ಗುಡುಗಿದರೂ ಕೇಳಿಸುವದಿಲ್ಲ. ಲಕ್ಷ್ಯ ಅವನಲ್ಲಿದೆ, ಓದಿನಲ್ಲಿ ಅದಕ್ಕೆ ನೆಲೆ ಇಲ್ಲ. ಆದ್ದರಿಂದ ಓದನ್ನು ಮೊಗ್ಗುಮೊಗ್ಗಾಗಿ ಬಿಡಿಸಿ ಕೊಡಬೇಕು. ಒಂದು ಪದ್ಯ, ಅಥವಾ ಒಂದು ಲೆಕ್ಕ, ಅಥವಾ ಒಂದೇ ಪುಟ. ಓದಿ ಪುಸ್ತಕವನ್ನು ಮುಚ್ಚಬೇಕು. ಓದಿದ್ದನ್ನು ತನ್ನ ಮಾತಿನಲ್ಲಿ ಪಾಟಿಯ ಮೇಲೆ ಬರೆಯಬೇಕು. ಬರೆಯಲು ಬಂದರೆ ಅಂಚಿನಲ್ಲಿ ಒಂದು ಗೆರೆ, ಅದೇ ದಾರ. ಬಾರದಿದ್ದರೆ ತೆರೆದು ಮತ್ತೊಮ್ಮೆ ನೋಡಬೇಕು. ಮರುದಿನ ಬೆಳಿಗ್ಗೆ ಹೊಸದನ್ನು ಓದುವ ಮೊದಲು ನಿನ್ನೆಯದರ ಮೇಲೊಂದು ಸುತ್ತು. ತಪ್ಪಿಸಿಕೊಂಡವು ಆಗ ಸಿಕ್ಕುತ್ತವೆ. ಹುಡುಗರಿಗೆ "ಮನಸ್ಸಿಟ್ಟು ಓದು" ಎಂದು ನೂರು ಸಲ ಹೇಳುವದಕ್ಕಿಂತ ಹೀಗೆ ಒಂದು ವಾರ ಬದಿಯಲ್ಲಿ ಕುಳಿತು ಮಾಡಿಸಿದರೆ ಹೆಚ್ಚು ಫಲವುಂಟು.

ಏಕಾಗ್ರತೆಯ ಮಾತು ಬಂದೊಡನೆ ನಾವೆಲ್ಲ ಅರ್ಜುನನ ಕಥೆಯನ್ನು ಹೇಳುತ್ತೇವೆ. ಮರದ ಮೇಲಿನ ಹಕ್ಕಿಯನ್ನು ತೋರಿಸಿ ದ್ರೋಣರು ಕೇಳಿದಾಗ ಉಳಿದವರಿಗೆ ಮರ, ಕೊಂಬೆ, ಅಣ್ಣತಮ್ಮಂದಿರು ಎಲ್ಲ ಕಂಡರು. ಅರ್ಜುನನಿಗೆ ಹಕ್ಕಿಯ ತಲೆಯಷ್ಟೇ ಕಂಡಿತು. ಈ ಕಥೆಯಲ್ಲಿ ನಾವು ಮರೆಯುವ ಸಂಗತಿಯೊಂದಿದೆ. ದ್ರೋಣರು ಶಿಷ್ಯರನ್ನು ಕೈಕಟ್ಟಿ ಕೂಡ್ರಿಸಿ "ಏಕಾಗ್ರರಾಗಿರಿ" ಎನ್ನಲಿಲ್ಲ. ಗುರಿಯನ್ನು ಮೊದಲೇ ಕಟ್ಟಿಸಿದ್ದರು, ಒಬ್ಬೊಬ್ಬರನ್ನಾಗಿ ಕರೆದರು, ಕೈಯಲ್ಲಿ ಹೆದೆಯೇರಿಸಿದ ಬಿಲ್ಲನ್ನು ಹಿಡಿಸಿದರು, ಆಮೇಲೆ ಪ್ರಶ್ನೆ ಕೇಳಿದರು. ಅಣಿಗೊಳಿಸುವದು ಗುರುವಿನ ಭಾಗ, ನೋಡುವದು ಶಿಷ್ಯನ ಭಾಗ. ಗುರುವಿನ ಭಾಗ ನಡೆಯದೆ ಇದ್ದಲ್ಲಿ ಶಿಷ್ಯನನ್ನು ದೂರುವದು ನ್ಯಾಯವಲ್ಲ.

ಇಲ್ಲಿ ಯಾರಾದರೂ ಆಕ್ಷೇಪಿಸಬಹುದು: "ಒಂದೊಂದೇ ಕೆಲಸವೆಂದರೆ ಈ ಕಾಲದಲ್ಲಿ ನಡೆಯುವದೆ? ಅಷ್ಟಾವಧಾನಿಗಳು ಎಂಟು ಜನರಿಗೆ ಒಮ್ಮೆಲೆ ಉತ್ತರ ಕೊಡುವದಿಲ್ಲವೆ?" ಒಳ್ಳೆಯ ಪ್ರಶ್ನೆ. ಅವಧಾನವು ನಮ್ಮ ನಾಡಿನ ಹಳೆಯ ವಿದ್ಯೆ. ಶತಾವಧಾನಿ ಆರ್. ಗಣೇಶರು 2012ರಲ್ಲಿ ಬೆಂಗಳೂರಿನಲ್ಲಿ ಸಂಪೂರ್ಣವಾಗಿ ಕನ್ನಡದಲ್ಲಿಯೇ ಶತಾವಧಾನ ನಡೆಸಿ ಕನ್ನಡಿಗರಿಗೆ ಹೆಮ್ಮೆ ತಂದರು. ಆದರೆ ಅವಧಾನಿಯು ಎಂಟನ್ನೂ ಒಂದೇ ಕ್ಷಣದಲ್ಲಿ ಮಾಡುವದಿಲ್ಲ. ಒಬ್ಬರ ಸಮಸ್ಯೆಗೆ ಪದ್ಯದ ಒಂದು ಪಾದವನ್ನು ಹೇಳಿ, ಅದನ್ನು ಅಲ್ಲಿಯೇ ಇಟ್ಟು, ಎರಡನೆಯವರ ಕಡೆಗೆ ಹೋಗುತ್ತಾನೆ. ಸುತ್ತು ಮುಗಿಸಿ ಬಂದು ಇಟ್ಟಲ್ಲಿಂದಲೇ ಎರಡನೆಯ ಪಾದವನ್ನು ಎತ್ತಿಕೊಳ್ಳುತ್ತಾನೆ. ಅಪ್ರಸ್ತುತ ಪ್ರಸಂಗವೆಂದು ನಡುನಡುವೆ ಕೆಣಕಲಿಕ್ಕೆ ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ನಗುನಗುತ್ತ ಉತ್ತರ ಕೊಟ್ಟು ಮತ್ತೆ ತನ್ನ ನೆಲೆಗೆ ಬರುವದರಲ್ಲಿಯೇ ಅವಧಾನಿಯ ಹೆಚ್ಚುಗಾರಿಕೆ. ಅವಧಾನವೆಂದರೆ ಇಡುವದು ಎಂದೆನಲ್ಲ, ಆ ಅರ್ಥ ಇಲ್ಲಿ ಕಣ್ಣಿಗೆ ಕಾಣುತ್ತದೆ. ಸರಿಯಾಗಿ ಇಟ್ಟವನಿಗೆ ಎತ್ತಿಕೊಳ್ಳಲು ಬರುತ್ತದೆ. ಎರಡು ದೋಣಿಯಲ್ಲಿ ಒಂದೊಂದು ಕಾಲಿಡುವದು ಬೇರೆ, ಒಂದನ್ನು ದಂಡೆಗೆ ಕಟ್ಟಿ ಇನ್ನೊಂದನ್ನು ಹತ್ತುವದು ಬೇರೆ. ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತ ಚೌಡದಾನಪುರ ನಮ್ಮ ತಾಲೂಕಿನಲ್ಲಿಯೇ ತುಂಗಭದ್ರೆಯ ದಂಡೆಯ ಮೇಲಿದೆ. ಹನ್ನೆರಡನೆಯ ಶತಮಾನದ ಆ ಶರಣನು ದೋಣಿ ನಡೆಸುವದನ್ನೇ ತನ್ನ ಕಾಯಕವೆಂದು ತಿಳಿದವನು. ತುಂಬಿದ ಹೊಳೆಯಲ್ಲಿ ಹುಟ್ಟು ಹಾಕುವವನಿಗೆ ಲಕ್ಷ್ಯವು ಉಪದೇಶದ ಮಾತಲ್ಲ, ದೋಣಿಯಲ್ಲಿ ಕುಳಿತವರ ಜೀವದ ಮಾತು.

ಇಂದಿನ ದಿನ ನಮ್ಮನ್ನು ಎರಡು ದೋಣಿಯಲ್ಲಿ ನಿಲ್ಲಿಸುವ ವಸ್ತು ಯಾವುದೆಂದು ಹೇಳಬೇಕಾಗಿಲ್ಲ; ಅದು ಎಲ್ಲರ ಕಿಸೆಯಲ್ಲಿದೆ. ಮೊಬೈಲನ್ನು ಬಯ್ಯುವದು ಈಗೊಂದು ರೂಢಿಯಾಗಿದೆ. ಬಯ್ಯುವದರಿಂದ ಏನೂ ಆಗುವದಿಲ್ಲ. ಅದು ಯಾಕೆ ಗೆಲ್ಲುತ್ತದೆ ಎಂಬದನ್ನು ನೋಡಬೇಕು. ಅದು ಕರೆಯುತ್ತದೆ! ಗಂಟೆ ಬಾರಿಸಿ, ಬೆಳಕು ತೋರಿ, ಮೈ ನಡುಗಿಸಿ ಕರೆಯುತ್ತದೆ. ನಮ್ಮ ಕೆಲಸ ಮೂಕವಾಗಿ ಬಿದ್ದಿರುತ್ತದೆ. ಮೂಕವಾದದ್ದಕ್ಕೂ ಕರೆಯುವದಕ್ಕೂ ನಡುವೆ ಮನಸ್ಸು ಎತ್ತ ಹೋದೀತು? ಆದ್ದರಿಂದ ಲಕ್ಷ್ಯ ಬೇಕಾದ ಹೊತ್ತಿನಲ್ಲಿ ಅದರ ಬಾಯಿ ಕಟ್ಟಿ, ಎದ್ದು ಹೋಗಿ ತರಬೇಕಾದಷ್ಟು ದೂರದಲ್ಲಿ ಇಡುವದು ಒಂದು. ಕೆಲಸಕ್ಕೆ ಬಾಯಿ ಕೊಡುವದು ಇನ್ನೊಂದು. ಎರಡನೆಯದನ್ನು ಮಾಡದೆ ಮೊದಲನೆಯದನ್ನು ಮಾತ್ರ ಮಾಡಿದರೆ ಮನಸ್ಸು ಕಿಟಕಿಯ ಹೊರಗಿನ ಕಾಗೆಯನ್ನಾದರೂ ಎಣಿಸುತ್ತದೆ.

ನಡುವೆ ಏಳಲೇಬೇಕಾದ ಪ್ರಸಂಗಗಳೂ ಇವೆ. ಗ್ರಾಮ ಪಂಚಾಯತಿಯ ಕಚೇರಿಯಲ್ಲಿ ದಾಖಲೆ ಬರೆಯುವ ಗುಮಾಸ್ತರ ಮುಂದೆ ಒಬ್ಬ ರೈತ ಬಂದು ನಿಂತರೆ, ಆಮೇಲೆ ಬಾ ಎನ್ನುವದು ಮನುಷ್ಯತ್ವವಲ್ಲ. ಆದರೆ ಅರ್ಧಕ್ಕೆ ಬಿಟ್ಟ ಕೆಲಸವು ಮನಸ್ಸಿಗೆ ಅಂಟಿಕೊಂಡೇ ಇರುತ್ತದೆ. ಹೊಸ ಕೆಲಸಕ್ಕೆ ಪೂರ್ಣ ಲಕ್ಷ್ಯ ಸಿಕ್ಕುವದಿಲ್ಲ. ಅಮೇರಿಕೆಯಲ್ಲಿ ಸೋಫಿ ಲೆರಾಯ್ ಎಂಬ ವಿದುಷಿ ಇದನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಮುಂದೆ 2018ರಲ್ಲಿ ಅವರೂ ಇನ್ನೊಬ್ಬ ಸಂಶೋಧಕಿಯೂ ಕೂಡಿ ಅದಕ್ಕೊಂದು ಪರಿಹಾರವನ್ನೂ ತೋರಿಸಿದರು. ಏಳುವ ಮುನ್ನ, ಎಲ್ಲಿಯವರೆಗೆ ಬಂದೆ, ಮರಳಿ ಬಂದಾಗ ಮೊದಲು ಏನು ಮಾಡಬೇಕು ಎಂಬದನ್ನು ಒಂದು ಚೀಟಿಯಲ್ಲಿ ಬರೆದಿಟ್ಟರೆ ಆ ಅಂಟು ಬಹುಮಟ್ಟಿಗೆ ಬಿಡುತ್ತದೆ ಎಂಬದು ಅವರ ನಿರ್ಣಯ. ಹತ್ತಿಯ ತೊಟ್ಟಿಗೆ ಕಟ್ಟುವ ದಾರವೇ ಕಾಗದದ ಮೇಲೆ ಬಂದಂತಾಯಿತಲ್ಲವೆ? ಅಡಿಗೆಮನೆಯಲ್ಲಿ ಹಿಟ್ಟು ಅಳೆಯುತ್ತಿರುವಾಗ ಯಾರಾದರೂ ಕರೆದರೆ, ಎಷ್ಟು ಸೇರಾಯಿತೋ ಅಷ್ಟು ಹುಣಸೆಬೀಜಗಳನ್ನು ಪಕ್ಕಕ್ಕಿಟ್ಟು ಎದ್ದುಹೋಗುವ ಅಜ್ಜಿಯರ ಜಾಣತನವೂ ಇದೇ ಜಾತಿಯದು.

ಇನ್ನೊಂದು ಮುಖ್ಯ ಮಾತಿದೆ. ಲಕ್ಷ್ಯವು ದಣಿಯುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಡಾರ್ ತೆರೆಯನ್ನು ನೋಡುತ್ತ ಕುಳಿತ ಸೈನಿಕರು ಬರಬರುತ್ತ ವೈರಿಗಳ ಸುಳಿವನ್ನು ತಪ್ಪಿಸಿಕೊಳ್ಳುತ್ತಿದ್ದರು. ಇದರ ಕಾರಣವನ್ನು ಹುಡುಕಿದ ನಾರ್ಮನ್ ಮ್ಯಾಕ್‌ವರ್ಥ್ ಎಂಬ ಇಂಗ್ಲೆಂಡಿನ ಶಾಸ್ತ್ರಜ್ಞರು 1948ರಲ್ಲಿ ತಮ್ಮ ಪ್ರಯೋಗವನ್ನು ಪ್ರಕಟಿಸಿದರು. ಗಡಿಯಾರದಂಥ ಒಂದು ಬಿಲ್ಲೆಯ ಮೇಲೆ ಮುಳ್ಳು ಒಂದೊಂದೇ ಹೆಜ್ಜೆ ಸರಿಯುತ್ತದೆ. ಎಲ್ಲಿಯೋ ಒಮ್ಮೆ ಎರಡು ಹೆಜ್ಜೆ ಹಾರುತ್ತದೆ. ಆ ಹಾರಿಕೆಯನ್ನು ಕಂಡು ಹೇಳಬೇಕು. ಮೊದಲ ಅರ್ಧ ಗಂಟೆ ಕಳೆಯುವದರೊಳಗೇ ನೋಡುವವರ ತಪ್ಪುಗಳು ಹೆಚ್ಚಿದವು. ಅವರು ಸೋಮಾರಿಗಳಾಗಿರಲಿಲ್ಲ, ದೇಶದ ರಕ್ಷಣೆಗೆ ನಿಂತವರು. ನಡುನಡುವೆ ಬಿಡುವು ಕೊಟ್ಟಾಗ ಲಕ್ಷ್ಯ ಉಳಿಯಿತು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ರಾಶಿಯ ಮುಂದೆ ಕುಳಿತು ತೊಟ್ಟು ಮುರಿಯುವ, ಬಣ್ಣಗೆಟ್ಟ ಕಾಯಿ ಆರಿಸುವ ಹೆಂಗಸರಿಗೆ ಇದನ್ನು ಯಾವ ಶಾಸ್ತ್ರಜ್ಞನೂ ಹೇಳಬೇಕಾಗಿಲ್ಲ. ಘಾಟಿಗೆ ಕಣ್ಣು ಉರಿಯತೊಡಗಿದ ಮೇಲೆ ಒಳ್ಳೆಯ ಕಾಯಿಗೂ ಕೆಟ್ಟದ್ದಕ್ಕೂ ಭೇದ ಕಾಣುವದಿಲ್ಲವೆಂದು ಅವರ ಕಣ್ಣೇ ಹೇಳುತ್ತದೆ.

ಆದ್ದರಿಂದ ಲಕ್ಷ್ಯದ ಪ್ರಶ್ನೆಯು ಕೆಲಸ ಮಾಡುವವನದಷ್ಟೇ ಅಲ್ಲ, ಮಾಡಿಸುವವನದೂ ಹೌದು. ಬದುವಿನ ಮೇಲೆ ನಿಂತು "ಲಕ್ಷ್ಯ ಕೊಡ್ರಿ, ಲಕ್ಷ್ಯ ಕೊಡ್ರಿ" ಎಂದು ಕೂಗುವ ಯಜಮಾನನಿಗಿಂತ, ಹೊತ್ತಿಗೆ ಸರಿಯಾಗಿ ನೀರು ಕೊಟ್ಟು, ನೆರಳಿನಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಲು ಹೇಳುವ ಯಜಮಾನನ ಬೀಜ ಹೆಚ್ಚು ಶುದ್ಧವಾಗಿ ಬರುತ್ತದೆ. ಇದು ದಯೆಯೂ ಹೌದು, ಲೆಕ್ಕವೂ ಹೌದು. ಹಾಗೆಯೇ, ಸಣ್ಣ ಬೆರಳುಗಳು ಚುರುಕೆಂಬ ನೆವದಿಂದ ಹಿಂದೆ ಈ ಕೆಲಸಕ್ಕೆ ಶಾಲೆಯ ಮಕ್ಕಳನ್ನೂ ಕರೆದೊಯ್ಯುತ್ತಿದ್ದರು. 2016ರ ತಿದ್ದುಪಡಿಯ ಮೇ­ಲಂತೂ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಯಾವ ಕೂಲಿಗೂ ಇಟ್ಟುಕೊಳ್ಳುವದು ಅಪರಾಧವಾಗಿದೆ. ಕಾಯಿದೆಯ ಮಾತು ಒತ್ತಟ್ಟಿಗಿರಲಿ. ಮಗುವಿನ ಲಕ್ಷ್ಯವು ಅದರ ಬಂಡವಾಳ. ಇನ್ನೊಬ್ಬರ ಹೊಲದ ಹೂವಿಗೆ ಅದನ್ನು ಹಗಲೆಲ್ಲ ವೆಚ್ಚ ಮಾಡಿಸಿ, ಸಂಜೆ ದೀಪದ ಮುಂದೆ ಪುಸ್ತಕ ಕೊಟ್ಟು, "ಇವನಿಗೆ ಓದಿನಲ್ಲಿ ಲಕ್ಷ್ಯವಿಲ್ಲ" ಎಂದರೆ ಆ ಮಾತಿಗೆ ಅರ್ಥವಿದೆಯೆ?

ಕೊನೆಗೆ, ಒಂದೇ ತೆರನಾದ ಕೆಲಸದ ಬೇಸರವನ್ನು ಏನು ಮಾಡುವದು ಎಂದು ಕೇಳಬಹುದು. ಬೇಸರಕ್ಕೆ ಪೂರ್ತಿ ಮದ್ದಿಲ್ಲ. ಆದರೆ ಒಂದು ತಾಳ್ಮೆಯ ದಾರಿಯಿದೆ. ದೂರದಿಂದ ನೋಡಿದವರಿಗೆ ಎಲ್ಲ ಮೊಗ್ಗುಗಳೂ ಒಂದೇ. ಸುಲಿಯುವವಳಿಗೆ ಒಂದರಂತೆ ಇನ್ನೊಂದಿಲ್ಲ. ಒಂದು ಗಟ್ಟಿ, ಒಂದು ಎಳೆಯದು, ಒಂದು ಹುಳ ಬಿದ್ದದ್ದು, ಒಂದು ಎಲೆಯ ಮರೆಗೆ ಅಡಗಿದ್ದು. ಹತ್ತಿರ ಹೋದಷ್ಟೂ ಭೇದ ಕಾಣುತ್ತದೆ. ಭೇದ ಕಂಡಷ್ಟೂ ಬೇಸರ ಕಡಿಮೆಯಾಗುತ್ತದೆ. ಲಕ್ಷ್ಯವಿದ್ದರೆ ಕೆಲಸದಲ್ಲಿ ರುಚಿ ಹುಟ್ಟುತ್ತದೆ, ರುಚಿ ಹುಟ್ಟಿದರೆ ಲಕ್ಷ್ಯ ನಿಲ್ಲುತ್ತದೆ. ಇವೆರಡರಲ್ಲಿ ಮೊದಲು ಯಾವುದೆಂದು ವಾದಿಸುವದಕ್ಕಿಂತ ಕೈಗೆ ಸಿಕ್ಕ ತುದಿಯಿಂದ ಆರಂಭಿಸುವದು ಲೇಸು.

ಕೇಳುಗರಲ್ಲಿ ನನ್ನ ಬಿನ್ನಹ ಇಷ್ಟೆ. ನಾಳೆಯ ಕೆಲಸಗಳಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಳ್ಳಿರಿ. ಅದನ್ನು ಕೈಗೆ ಹಿಡಿಯುವಷ್ಟು ಚಿಕ್ಕದು ಮಾಡಿಕೊಳ್ಳಿರಿ. ಅದಕ್ಕೊಂದು ಹೊತ್ತು ಗೊತ್ತುಮಾಡಿರಿ. ಬೇಕಾದ ಸಾಮಾನನ್ನು ಮೊದಲೇ ಪಕ್ಕಕ್ಕಿಟ್ಟುಕೊಳ್ಳಿರಿ. ಎಲ್ಲಿ ನಿಲ್ಲಿಸಿದಿರೋ ಅಲ್ಲಿ ಒಂದು ಗುರುತಿಡಿರಿ. ದಣಿದಾಗ ನಾಚಿಕೆಯಿಲ್ಲದೆ ಏಳಿರಿ. ಮರುದಿನ ಎರಡನೆಯ ನೋಟ ನೋಡಿರಿ. ಮನಸ್ಸು ನಡುವೆ ಸಂತೆಗೆ ಹೋದರೆ ಹೋಗಲಿ, ಬೆನ್ನಟ್ಟಿ ಹೊಡೆಯಬೇಡಿರಿ. ಹೀಗೆ ಅಣಿಗೊಳಿಸಿದ ಕೆಲಸ ಅದನ್ನು ತಾನೇ ಕರೆದು ತರುತ್ತದೆ.